ಎದುರು ಪಕ್ಷವನ್ನು ಯಾರು ಬರೆಯಬೇಕು?

ಒಬ್ಬರು ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಶಾಸ್ತ್ರ ಹೇಳಿ ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿರುವ ಮೇಷ್ಟ್ರು. ಇನ್ನೊಬ್ಬಳು ಮಲೆನಾಡಿನ ಹಳ್ಳಿಯಿಂದ ಬಂದು, ಎಂಜಿನಿಯರಿಂಗ್ ಓದಿ, ಕಂಪನಿಯೊಂದರಲ್ಲಿ ದುಡಿಯುತ್ತ, ರಜಾ ದಿನ ಅವರ ಬಳಿ ಅನ್ನಂಭಟ್ಟನ ‘ತರ್ಕಸಂಗ್ರಹ’ ಪಾಠ ಹೇಳಿಸಿಕೊಳ್ಳುವವಳು. ಅವಳೂರಿನ ಪದವಿಪೂರ್ವ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಸೇರಿ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಾರೆ. ಆ ಅರ್ಜಿಗಳನ್ನು ಓದಿ ಆರಿಸುವವರಲ್ಲಿ ಅವಳೂ ಒಬ್ಬಳು. ಹಳೆಯ ದರ್ಶನಗಳಿಂದ ನಮ್ಮ ಸ್ವಂತ ನಂಬಿಕೆಗಳನ್ನು ಒರೆಗೆ ಹಚ್ಚಬಹುದು ಎಂಬ ಹುಮ್ಮಸ್ಸು ಅವಳದು. ಆ ದರ್ಶನಗಳನ್ನು ಬದುಕಿಡೀ ಕಲಿಸಿದವರಿಗೇ ಆ ಮಾತಿನಲ್ಲಿ ಭರವಸೆ ಕಡಿಮೆ. ಪಾಠ ಮುಗಿದ ಮೇಲೆ ನಡೆದ ಮಾತು ಇದು.

ಅವಳು: ಒಂದು ನೋಟ್‌ಬುಕ್ ಇಟ್ಟಿದ್ದೇನೆ ಮೇಷ್ಟ್ರೇ. ಎಡಗಡೆ ಪುಟದಲ್ಲಿ ನಾನು ನಂಬಿರುವ ಒಂದು ಮಾತು. ಬಲಗಡೆ ಅದರ ಪೂರ್ವಪಕ್ಷ. ಎದುರಾಳಿ ನನಗಿಂತ ಬುದ್ಧಿವಂತ ಅಂತಲೇ ಇಟ್ಟುಕೊಂಡು, ‘ಹೌದು, ನಾನು ಹೇಳುವುದು ಇದನ್ನೇ’ ಅಂತ ಅವನೇ ಒಪ್ಪುವ ಹಾಗೆ ಬರೆಯಬೇಕು. ಉತ್ತರ ಆಮೇಲೆ.

ಮೇಷ್ಟ್ರು: ಮೊದಲು ಯಾವ ಮಾತು ಬರೆದೆ?

ಅವಳು: ‘ದುಡಿದವರು ಮೇಲೆ ಬರುತ್ತಾರೆ.’ ಇದಕ್ಕಿಂತ ಗಟ್ಟಿಯಾದ ನಂಬಿಕೆ ನನ್ನಲ್ಲಿ ಇನ್ನೊಂದಿಲ್ಲ. ಅಪ್ಪ ಅಮ್ಮ ಇಬ್ಬರೂ ಕೂಲಿ ಮಾಡಿದವರು. ನಾನು ಓದಿದೆ, ಕೆಲಸ ಸಿಕ್ಕಿತು. ನನ್ನ ಬದುಕೇ ಅದಕ್ಕೆ ಪ್ರಮಾಣ.

ಮೇಷ್ಟ್ರು: ನಿಮ್ಮಮ್ಮನೂ ದುಡಿದರಲ್ಲ?

ಅವಳು: ಬಲ ಪುಟದ ಮೊದಲ ಸಾಲೇ ಅದು. ನನಗಿಂತ ಹೆಚ್ಚು ದುಡಿದಳು, ಮಂಡಿ ಸೋಲುವವರೆಗೆ ದುಡಿದಳು. ಮೇಲೆ ಬರಲಿಲ್ಲ. ದುಡಿಮೆ ಎಂಬ ಹೇತು ಇದೆ, ಮೇಲೆ ಬರುವುದು ಎಂಬ ಸಾಧ್ಯ ಇಲ್ಲ. ಅಲ್ಲಿಗೆ ‘ಇದು ಇದ್ದಲ್ಲೆಲ್ಲ ಅದು’ ಎಂಬ ವ್ಯಾಪ್ತಿ ಮುರಿಯಿತು. ನೀವು ಹೇಳಿಕೊಟ್ಟ ಕಾದ ಕಬ್ಬಿಣದ ಗುಂಡು ನೆನಪಾಯಿತು. ‘ಬೆಂಕಿ ಇದ್ದಲ್ಲಿ ಹೊಗೆ’ ಎಂದರೆ ತಪ್ಪು, ಏಕೆಂದರೆ ಆ ಗುಂಡಿನಲ್ಲಿ ಬೆಂಕಿಯಿದೆ, ಹೊಗೆ ಇಲ್ಲ. ಹೊಗೆ ಏಳಬೇಕಾದರೆ ಹಸಿ ಸೌದೆ ಸೇರಬೇಕು. ಆ ಹಸಿ ಸೌದೆಯೇ ಉಪಾಧಿ. ಹಾಗಾದರೆ ನನ್ನ ದುಡಿಮೆಯ ಜತೆ ಸೇರಿಕೊಂಡ ಉಪಾಧಿ ಯಾವುದು ಅಂತ ಹುಡುಕಿದೆ. ಹೈಸ್ಕೂಲಿಗೆ ಸಿಕ್ಕ ಹಾಸ್ಟೆಲ್ ಸೀಟು. ಫೀಸಿನ ಮನ್ನಾ. ಶಾಲೆ ಬಿಡಿಸುತ್ತೇನೆಂದ ಅಪ್ಪನ ಜತೆ ಮನೆಗೇ ಬಂದು ಜಗಳಾಡಿದ ಗಣಿತದ ಟೀಚರು. ಇವು ಅಮ್ಮನಿಗೆ ಇರಲಿಲ್ಲ. ಇಷ್ಟು ವರ್ಷ ಅವನ್ನೆಲ್ಲ ‘ಅದೃಷ್ಟ’ ಅಂತ ಒಂದು ಮೂಲೆಗೆ ಸರಿಸಿ, ಲೆಕ್ಕಕ್ಕೆ ದುಡಿಮೆ ಒಂದನ್ನೇ ಹಿಡಿದಿದ್ದೆ.

ಮೇಷ್ಟ್ರು: ಇದನ್ನು ಕಾಣಲು ನೈಯಾಯಿಕರಾದ ಉದಯನ, ಗಂಗೇಶರೇ ಬೇಕಾಯಿತೆ? ಅಮ್ಮನ ಪಕ್ಕ ಕೂತು ಒಂದು ಸಂಜೆ ಮಾತಾಡಿದ್ದರೆ ಅವರೇ ಹೇಳುತ್ತಿದ್ದರು.

ಅವಳು: ಅಮ್ಮನ ಪಕ್ಕ ಕೂತು ಎಷ್ಟೋ ಸಂಜೆ ಮಾತಾಡಿದ್ದೇನೆ. ಕೇಳಬೇಕು ಅಂತ ಹೊಳೆಯಲೇ ಇಲ್ಲ. ಸಂಶಯ ಇರಲಿಲ್ಲವಲ್ಲ! ಪೂರ್ತಿ ಗೊತ್ತಿಲ್ಲದ್ದರ ಮೇಲೂ ನ್ಯಾಯ, ಅಂದರೆ ತರ್ಕದ ಪರೀಕ್ಷೆ, ನಡೆಯುವುದಿಲ್ಲ, ಆಗಲೇ ತೀರ್ಮಾನವಾದದ್ದರ ಮೇಲೂ ನಡೆಯುವುದಿಲ್ಲ, ಸಂಶಯವಿದ್ದಲ್ಲಿ ಮಾತ್ರ ನಡೆಯುತ್ತದೆ ಎಂದು ನ್ಯಾಯಭಾಷ್ಯದಲ್ಲಿ ವಾತ್ಸ್ಯಾಯನ ಹೇಳಿದ್ದನ್ನು ನೀವೇ ಮೊದಲ ಪಾಠದಲ್ಲಿ ಹೇಳಿದ್ದು. ನ್ಯಾಯಸೂತ್ರಕಾರ ಗೌತಮನ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯ ಆದ ಕೂಡಲೇ ಬರುವುದು ಸಂಶಯ. ಸಂಶಯಕ್ಕೆ ಅಷ್ಟು ಮುಂದಿನ ಸಾಲಿನಲ್ಲಿ ಜಾಗ ಕೊಟ್ಟ ಶಾಸ್ತ್ರ ಅದು.

ಮೇಷ್ಟ್ರು: ಜಾಗ ಕೊಟ್ಟಿತು. ಆದರೆ ಸಂಶಯವನ್ನು ಶಾಸ್ತ್ರ ಹುಟ್ಟಿಸಲಾರದು ಮಗಳೇ. ಎದುರಿಗಿರುವ ಮನುಷ್ಯ ಹುಟ್ಟಿಸುತ್ತಾನೆ. ನನ್ನ ತಕರಾರು ಇರುವುದು ನಿನ್ನ ಬಲ ಪುಟದ ಮೇಲೆ. ಎರಡೂ ಪುಟ ಬರೆಯುವ ಕೈ ಒಂದೇ ಅಲ್ಲವೇ? ನಮ್ಮ ಗ್ರಂಥಗಳಲ್ಲೂ ಅಷ್ಟೆ. ಪೂರ್ವಪಕ್ಷ ಎಷ್ಟೇ ಬಲವಾಗಿರಲಿ, ಸಿದ್ಧಾಂತ ಯಾವುದೆಂದು ಆಚಾರ್ಯರಿಗೆ ಲೇಖನಿ ಹಿಡಿಯುವ ಮೊದಲೇ ಗೊತ್ತಿರುತ್ತಿತ್ತು. ಪೂರ್ವಪಕ್ಷ ಬರೆಯುತ್ತ ಬರೆಯುತ್ತ ‘ಇವನು ಹೇಳುವುದೇ ಸರಿ’ ಎಂದು ಪಕ್ಷ ಬದಲಿಸಿದ ಭಾಷ್ಯಕಾರ ಒಬ್ಬನನ್ನು ತೋರಿಸು.

ಅವಳು: ಒಬ್ಬನ ಪುಸ್ತಕದೊಳಗೆ ಹುಡುಕಿದರೆ ಸಿಗಲಿಕ್ಕಿಲ್ಲ. ಒಬ್ಬರಿಂದ ಒಬ್ಬರಿಗೆ ಸಾಗಿದ ಸಾಲಿನಲ್ಲಿ ನೋಡಿ. ದ್ವೈತಿಗಳಾದ ವ್ಯಾಸತೀರ್ಥರು ‘ನ್ಯಾಯಾಮೃತ’ ಬರೆದರು. ಅದ್ವೈತದ ಒಂದೊಂದು ವಾದವನ್ನೂ ಎತ್ತಿಕೊಂಡು ಬಿಚ್ಚಿಟ್ಟರು. ಅದಕ್ಕೆ ಮಧುಸೂದನ ಸರಸ್ವತಿಗಳು ಹೆಚ್ಚುಕಡಿಮೆ ಸಾಲುಸಾಲಿಗೆ ಉತ್ತರವಾಗಿ ‘ಅದ್ವೈತಸಿದ್ಧಿ’ ಬರೆದರು. ಅದಕ್ಕೆ ವ್ಯಾಸ ರಾಮಾಚಾರ್ಯರ ‘ತರಂಗಿಣಿ’. ಅದಕ್ಕೆ ಗೌಡ ಬ್ರಹ್ಮಾನಂದರ ‘ಚಂದ್ರಿಕಾ’. ಪಕ್ಷ ಯಾರೂ ಬಿಡಲಿಲ್ಲ, ನಿಜ. ಆದರೆ ಮೊದಲಿನ ಅದ್ವೈತವೂ ಉಳಿಯಲಿಲ್ಲ, ಮೊದಲಿನ ದ್ವೈತವೂ ಉಳಿಯಲಿಲ್ಲ. ಸಡಿಲವಾಗಿದ್ದ ಲಕ್ಷಣಗಳು ಬಿಗಿಯಾದವು, ನಿಲ್ಲದ ವಾದಗಳನ್ನು ಸುಮ್ಮನೆ ಕೈಬಿಟ್ಟರು. ನಂಬಿಕೆಯ ಹೆಸರು ಅದೇ ಇದ್ದು, ಒಳಗಿನದು ಬದಲಾಗುತ್ತ ಹೋಯಿತು.

ಮೇಷ್ಟ್ರು: ನನ್ನ ಮಾತನ್ನೇ ನೀನು ಹೇಳಿದೆ. ವ್ಯಾಸತೀರ್ಥರು ಎಷ್ಟು ದೊಡ್ಡ ತಾರ್ಕಿಕರಾದರೂ ಮಧುಸೂದನರ ಉತ್ತರವನ್ನು ತಾವೇ ಊಹಿಸಿ ಬರೆದಿಟ್ಟುಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕೆ ಇನ್ನೊಬ್ಬ ಮನುಷ್ಯ ಹುಟ್ಟಬೇಕಾಯಿತು, ಇನ್ನೊಂದು ಊರಿನಲ್ಲಿ ಕೂತು ಓದಿ ಸಿಟ್ಟಾಗಬೇಕಾಯಿತು. ನಿನ್ನ ನೋಟ್‌ಬುಕ್ಕಿನಲ್ಲಿ ಮಧುಸೂದನ ಎಲ್ಲಿದ್ದಾನೆ?

ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿ, ವಿಜಯನಗರದಲ್ಲಿ ಪ್ರಸಿದ್ಧರಾಗಿ 1539ರಲ್ಲಿ ತೀರಿಕೊಂಡ ವ್ಯಾಸತೀರ್ಥರ ವೃಂದಾವನ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ಅಲ್ಲಿಗೆ ಹೋಗುವವರಲ್ಲಿ ಬಹಳ ಮಂದಿ ಭಕ್ತರು. ಆ ಮಹಾನುಭಾವರು ಎದುರಾಳಿಯನ್ನು ಎಷ್ಟು ಎಚ್ಚರದಿಂದ ಓದಿದ್ದರು ಎಂಬುದೂ ಭಕ್ತಿಯಷ್ಟೇ ನೆನೆಯಬೇಕಾದ ಸಂಗತಿ ಎಂದು ನನಗೆ ಅನ್ನಿಸುತ್ತದೆ. ಇಷ್ಟು ಹೇಳಿ ಇಬ್ಬರ ಮಾತಿಗೆ ಮರಳುತ್ತೇನೆ. ಮಾತು ಈಗ ಅರ್ಜಿಗಳ ಕಡೆ ತಿರುಗಿತ್ತು.

ಅವಳು: ಎಲ್ಲಿದ್ದಾನೆ ಅಂದರೆ, ಹೇಳುತ್ತೇನೆ. ಈ ಸಲ ಬಂದ ಅರ್ಜಿಗಳಲ್ಲಿ ಒಬ್ಬ ಹುಡುಗನದು ಇತ್ತು. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ. ದ್ವಿತೀಯ ಪಿಯುಸಿಯಲ್ಲಿ ಇಳಿದಿದೆ. ಹಾಜರಾತಿಯೂ ಕಡಿಮೆ. ಸಮಿತಿಯವರು ‘ಪಿಯುಸಿಗೆ ಬಂದ ಮೇಲೆ ಹುಡುಗ ದಾರಿ ತಪ್ಪಿದ’ ಎಂದು ಪಕ್ಕಕ್ಕಿಟ್ಟರು. ನಾನೂ ಹಾಗೇ ಇಡುತ್ತಿದ್ದೆ. ನೋಟ್‌ಬುಕ್ಕಿನ ಅಭ್ಯಾಸವಿದ್ದುದರಿಂದ, ಇವನ ಪರವಾಗಿ ವಕಾಲತ್ತು ವಹಿಸುವವನೊಬ್ಬ ಇದ್ದಿದ್ದರೆ ಏನನ್ನುತ್ತಿದ್ದ ಅಂತ ಬರೆಯಲು ಕೂತೆ. ಬರೆಯಬೇಕೆಂದರೆ ಏನಾದರೂ ಆಧಾರ ಬೇಕಲ್ಲ, ಹಾಜರಾತಿಯನ್ನು ತಿಂಗಳು ತಿಂಗಳು ಬಿಡಿಸಿ ನೋಡಿದೆ. ಜೂನ್‌ನಿಂದ ಸೆಪ್ಟೆಂಬರ್ ಚೆನ್ನಾಗಿದೆ. ಅಕ್ಟೋಬರ್‌ನಲ್ಲಿ ಇಳಿಯುತ್ತದೆ. ಜನವರಿವರೆಗೂ ಹಾಗೆ. ಫೆಬ್ರವರಿಯಲ್ಲಿ ಮತ್ತೆ ಏರುತ್ತದೆ. ತಂದೆಯ ಕಸುಬು ಅನ್ನುವಲ್ಲಿ ‘ಕೊನೆಗಾರ’ ಅಂತ ಬರೆದಿತ್ತು.

ಮೇಷ್ಟ್ರು: ಅಡಿಕೆ ಕೊಯ್ಲು.

ಅವಳು: ಕೊಯ್ಲೇ. ಅಪ್ಪ ಮರ ಹತ್ತಿ ಗೊನೆ ಇಳಿಸುವಾಗ ಕೆಳಗೆ ಹಗ್ಗ ಹಿಡಿಯಲು ಒಬ್ಬರು ಬೇಕು. ರಾತ್ರಿ ಸುಲಿಯುವುದಕ್ಕೂ ಕೈ ಬೇಕು. ಕಡಿಮೆ ಹಾಜರಾತಿಯಿಂದ ನಾವು ಸೋಮಾರಿತನ ಊಹಿಸಿದ್ದೆವು. ಅದೇ ಹೇತು ಅತಿ ದುಡಿಮೆಗೂ ಹೊಂದುತ್ತದೆ. ನನ್ನ ನಂಬಿಕೆ ಎರಡು ಸಲ ಮುರಿಯಿತು ಮೇಷ್ಟ್ರೇ. ದುಡಿದವನು ಇಲ್ಲಿ ಕೆಳಗಿಳಿದಿದ್ದಾನೆ, ಮತ್ತು ಕೆಳಗಿಳಿದವನನ್ನು ಕಂಡು ನಾನು ‘ದುಡಿದಿಲ್ಲ’ ಅಂದುಕೊಂಡೆ. ಆ ಮಾತು ನನ್ನ ಒಳಗೆ ಇಷ್ಟು ದಿನ ಬೇರೆಯವರನ್ನು ಅಳೆಯುವ ಕೋಲಾಗಿ ಕೂತಿತ್ತು.

ಮೇಷ್ಟ್ರು: ಆ ಹುಡುಗನ ಹತ್ತಿರ ಮಾತಾಡಿದೆಯಾ?

ಅವಳು: ಇನ್ನೂ ಇಲ್ಲ.

ಮೇಷ್ಟ್ರು: ನೋಡು. ಸೋಮಾರಿ ಎಂದು ಊಹಿಸಿದ್ದೂ ನೀನೇ, ಈಗ ದುಡಿಮೆಗಾರ ಎಂದು ಊಹಿಸುತ್ತಿರುವುದೂ ನೀನೇ. ಎರಡನೆಯ ಊಹೆ ನಿನಗೆ ಒಳ್ಳೆಯವಳಾದ ಸಮಾಧಾನ ಕೊಡುತ್ತದೆ, ಅಷ್ಟೇ ವ್ಯತ್ಯಾಸ. ಕಾಯಿಲೆ ಬಿದ್ದಿದ್ದನೋ ಏನೋ. ಕೇಸಪುತ್ತದ ಕಾಲಾಮರಿಗೆ ಬುದ್ಧ ಹೇಳಿದ ಪಟ್ಟಿಯನ್ನು ಈಗಿನವರು ಹಿಗ್ಗಿನಿಂದ ಉದಾಹರಿಸುತ್ತಾರೆ. ಪರಂಪರೆ ಎಂದು ನಂಬಬೇಡಿ, ಗ್ರಂಥದಲ್ಲಿದೆ ಎಂದು ನಂಬಬೇಡಿ, ಗುರು ಎಂದು ನಂಬಬೇಡಿ. ಅದೇ ಪಟ್ಟಿಯಲ್ಲಿ, ಬರೀ ತರ್ಕಕ್ಕೆ ಹೊಂದುತ್ತದೆ ಎಂದೂ ನಂಬಬೇಡಿ ಎಂದಿದೆ. ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಈ ನಂಬಿಕೆಯಿಂದ ನಡೆದರೆ ಲೋಭ, ದ್ವೇಷ, ಮೋಹ ಬೆಳೆಯುತ್ತದೋ ಕರಗುತ್ತದೋ ಎಂದು ನೋಡಿ ಅನ್ನುತ್ತಾನೆ ಅವನು. ಅದು ಪುಟದ ಮೇಲೆ ಮುಗಿಯುವ ಪರೀಕ್ಷೆಯಲ್ಲ.

ಅವಳು: ಒಪ್ಪುತ್ತೇನೆ. ಆದರೆ ಹುಡುಗನ ಮಾತು ಕೇಳಬೇಕು ಅಂತ ನನಗೆ ಹೇಳಿದ್ದೂ ನ್ಯಾಯಶಾಸ್ತ್ರವೇ. ಆಪ್ತ, ಅಂದರೆ ನಂಬಬಹುದಾದ ಮಾತಿನವನು, ಯಾರು ಎಂಬಲ್ಲಿ ವಾತ್ಸ್ಯಾಯನ ಏನೆನ್ನುತ್ತಾನೆ? ವಿಷಯವನ್ನು ನೇರವಾಗಿ ಕಂಡವನು, ಕಂಡದ್ದನ್ನು ಕಂಡ ಹಾಗೆ ಹೇಳಬೇಕೆಂಬ ಮನಸ್ಸಿರುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಅನ್ನುತ್ತಾನೆ. ಸಾವಿರದ ಐನೂರು ವರ್ಷದ ಹಿಂದೆ ಹಾಗೆ ಬರೆಯುವುದು ಸಣ್ಣ ಮಾತೇ? ಆ ಲಕ್ಷಣದಂತೆ, ಆ ಅಕ್ಟೋಬರ್ ತಿಂಗಳ ವಿಷಯದಲ್ಲಿ ಕೊನೆಗಾರನ ಮಗನೇ ಆಪ್ತ. ಸಮಿತಿಯಲ್ಲ.

ಮೇಷ್ಟ್ರು: ಅಲ್ಲೇ ನನಗೆ ನೋವಾಗುವುದು. ಆ ಮಾತು ಬರೆದಿಟ್ಟಿದ್ದರಲ್ಲ, ಅದರ ಮೇಲೆ ನಡೆದವರು ಯಾರು? ಬ್ರಹ್ಮಸೂತ್ರದ ಅಪಶೂದ್ರಾಧಿಕರಣಕ್ಕೆ ಬಾ. ಶಂಕರರು, ರಾಮಾನುಜರು, ಮಧ್ವರು ಜಗತ್ತು ಸತ್ಯವೋ ಮಿಥ್ಯೆಯೋ, ಜೀವ ಬೇರೆಯೋ ಒಂದೋ ಎಂದು ಎಲ್ಲದರಲ್ಲೂ ಕಾದಾಡಿದವರು. ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲ ಎನ್ನುವಲ್ಲಿ ಮಾತ್ರ ಮೂವರೂ ಒಂದೇ. ಉಪಾಧಿಯನ್ನು ಹುಡುಕುವ ಅಷ್ಟು ಸೂಕ್ಷ್ಮ ಉಪಕರಣ ಕೈಯಲ್ಲಿದ್ದ ಪರಂಪರೆ ಹುಟ್ಟಿನ ವಿಷಯಕ್ಕೆ ಬಂದಾಗ ಅದನ್ನು ಹೊರತೆಗೆಯಲೇ ಇಲ್ಲ. ನಾನು ಆ ಅಧಿಕರಣವನ್ನು ಪಾಠ ಹೇಳಿದ್ದೇನೆ. ಎದುರಿಗೆ ಕೂತ ಹುಡುಗರು ಒಂದಕ್ಷರವೂ ತಪ್ಪದೆ ಒಪ್ಪಿಸುತ್ತಿದ್ದರು. ಯಾರಿಗೂ ಸಂಶಯ ಬರಲಿಲ್ಲ. ಬರಬೇಕಾದವರನ್ನು ಕೋಣೆಯೊಳಗೆ ಬಿಟ್ಟಿರಲಿಲ್ಲವಲ್ಲ.

ಅವಳು: ಕೋಣೆಯ ಹೊರಗಿನವರೂ ಇದೇ ಉಪಕರಣ ಹಿಡಿದಿದ್ದರು ಮೇಷ್ಟ್ರೇ. ಬೌದ್ಧನಾದ ಧರ್ಮಕೀರ್ತಿ ಹುಟ್ಟಿನ ಹಮ್ಮನ್ನು ಬುದ್ಧಿ ಮಂದವಾದದ್ದರ ಗುರುತುಗಳಲ್ಲಿ ಒಂದು ಎಂದು ಎಣಿಸಿದ. ಅವನು ದೊಡ್ಡ ತಾರ್ಕಿಕ, ಪ್ರಮಾಣಶಾಸ್ತ್ರದ ಹೊರಗಿನವನೇನಲ್ಲ. ಹುಟ್ಟಿನಿಂದ ಬರುವ ಬ್ರಾಹ್ಮಣ್ಯ ಎಂಬುದು ಯಾವ ಪ್ರಮಾಣದಿಂದಲೂ ಸಿದ್ಧವಾಗುವುದಿಲ್ಲ ಎಂದು ಬೌದ್ಧರು, ಜೈನರು ಪುಟಗಟ್ಟಲೆ ವಾದಿಸಿದರು. ನೀವು ಹೇಳುವ ತಪ್ಪು ಉಪಕರಣದ್ದಲ್ಲ.

ಮೇಷ್ಟ್ರು: ಉಪಕರಣದ್ದಲ್ಲ ಎಂದು ಅಲ್ಲಿಗೇ ಬಿಟ್ಟರೆ ತಪ್ಪು ಯಾರದೂ ಅಲ್ಲ ಎಂದಾಗುತ್ತದೆ. ಯಾವುದಕ್ಕೆ ಹಚ್ಚಬೇಕು ಎಂಬುದನ್ನು ಉಪಕರಣ ಹೇಳುವುದಿಲ್ಲ. ನನ್ನ ಮಾತು ಇಷ್ಟೇ. ಮನುಷ್ಯ ತನಗೆ ನೋವಾಗದ ನಂಬಿಕೆಗಳನ್ನು ಆರಿಸಿಕೊಂಡು ಅವುಗಳ ಮೇಲೆ ಪರೀಕ್ಷೆ ನಡೆಸುತ್ತಾನೆ.

ಅವಳು: ಹಾಗಾದರೆ ನೋವಾಗುವುದನ್ನೇ ಕೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ನೀವು ವರ್ಷವರ್ಷ ನಿಮ್ಮ ತಂದೆಯ ಶ್ರಾದ್ಧ ಮಾಡುತ್ತೀರಿ. ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯವೇ ಚಾರ್ವಾಕನದು. ಇಲ್ಲಿ ಇಟ್ಟ ಅನ್ನ ಸತ್ತವನಿಗೆ ತಲುಪುವುದಾದರೆ, ದಾರಿ ನಡೆಯುವವನು ಬುತ್ತಿ ಕಟ್ಟಿಕೊಳ್ಳುವುದೇಕೆ ಎಂಬ ಅವನ ಪ್ರಶ್ನೆ ಅಲ್ಲಿದೆ. ಅದನ್ನು ನಿಮಗೆ ನೀವೇ ಹಾಕಿಕೊಂಡಿದ್ದೀರಾ?

ಮೇಷ್ಟ್ರು: ಪಾಠ ಹೇಳಿದ್ದೇನೆ. ಪೂರ್ವಮೀಮಾಂಸಕರ ಉತ್ತರವನ್ನೂ ಹೇಳಿದ್ದೇನೆ. ಆ ಉತ್ತರ ನನಗೆ ಸಾಲದು. ಆದರೂ ಮಾಡುತ್ತೇನೆ. ಅನ್ನ ತಲುಪುತ್ತದೆ ಎಂಬ ನಂಬಿಕೆಯಿಂದ ಮಾಡುವುದಿಲ್ಲ. ಆ ದಿನ ಅಪ್ಪನ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು ಬಾಯಲ್ಲಿ ಬರುತ್ತದೆ. ಉಳಿದ ದಿನ ಬರುವುದಿಲ್ಲ. ಇದಕ್ಕೆ ಪ್ರಮಾಣ ಕೇಳಬೇಡ. ಇದು ನಂಬಿಕೆಯಲ್ಲ, ನಡತೆ.

ಅವಳು: ಸಮಿತಿಯಲ್ಲಿ ಹಿರಿಯರೊಬ್ಬರು ಇದೇ ಮಾತು ಅಂದರು. ‘ಹಾಜರಾತಿ ನೋಡುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು’ ಅಂತ. ನಡತೆ ಎಂದ ಕೂಡಲೇ ಪ್ರಶ್ನೆ ಕೇಳಬಾರದು ಎಂದಾದರೆ, ಯಾವ ನಂಬಿಕೆ ಬೇಕಾದರೂ ಆ ಬಾಗಿಲಿನಿಂದ ಪಾರಾಗುತ್ತದೆ.

ಮೇಷ್ಟ್ರು: ಒಂದು ವ್ಯತ್ಯಾಸವಿದೆ. ನಾನು ಪಿಂಡ ಇಟ್ಟರೆ ಯಾವ ಹುಡುಗನ ವಿದ್ಯಾರ್ಥಿವೇತನವೂ ನಿಲ್ಲುವುದಿಲ್ಲ.

ಅವಳು: ಆ ದಿನ ಅಡಿಗೆ ಮಾಡುವವರು ಯಾರು? ಎಷ್ಟು ಹೊತ್ತಿಗೆ ಉಣ್ಣುತ್ತಾರೆ? ಒಳಗೆ ಯಾರು ಬರಬಾರದು?

ಮೇಷ್ಟ್ರು ತಕ್ಷಣ ಉತ್ತರಿಸಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ.

ಮೇಷ್ಟ್ರು: ನನ್ನ ಹೆಂಡತಿ ಬೆಳಗಿನ ಜಾವ ಎದ್ದು ಮಡಿಯುಟ್ಟು ಮಾಡುತ್ತಿದ್ದಳು. ಬ್ರಾಹ್ಮಣರ ಊಟವಾಗಿ, ನಮ್ಮದಾಗಿ, ಅವಳು ಎಲೆ ಮುಂದೆ ಕೂರುವಾಗ ಮೂರು ಗಂಟೆ. ವಿಧವೆಯಾಗಿದ್ದ ಸೋದರತ್ತೆ ಹಿಂದಿನ ಕೋಣೆಯಲ್ಲಿ ಇರುತ್ತಿದ್ದರು. ಅಪ್ಪನ ಒಡಹುಟ್ಟಿದವರು ಅವರೊಬ್ಬರೇ. ಅಪ್ಪನ ಬಾಲ್ಯದ ಕಥೆ ಗೊತ್ತಿದ್ದವರೂ ಅವರೊಬ್ಬರೇ. ಒಳ್ಳೆಯ ಪ್ರಶ್ನೆ ಕೇಳಿದೆ. ಆದರೆ ಗಮನಿಸು, ಈ ಪ್ರಶ್ನೆಯನ್ನು ಚಾರ್ವಾಕನೂ ಕೇಳಲಿಲ್ಲ. ಅನ್ನ ಎಲ್ಲಿಗೆ ತಲುಪುತ್ತದೆ ಎಂದು ಕೇಳಿದ, ಅನ್ನ ಬೇಯಿಸಿದವರು ಯಾರೆಂದು ಕೇಳಲಿಲ್ಲ. ಅಡಿಗೆಮನೆ ಗೊತ್ತಿದ್ದ ಹೆಣ್ಣುಮಗಳು ಬಂದು ಕೇಳಬೇಕಾಯಿತು.

ಅವಳು: ಅವನ ಪ್ರಶ್ನೆ ನೀವು ಉಳಿಸಿದ್ದಕ್ಕೆ ತಾನೇ ನನ್ನದು ಅದರ ಹಿಂದೆ ಬಂದದ್ದು? ‘ಸರ್ವದರ್ಶನಸಂಗ್ರಹ’ದಲ್ಲಿ ವಿಜಯನಗರದ ಕಾಲದ ವೇದಾಂತಿಯೊಬ್ಬರು ಹದಿನಾರು ದರ್ಶನಗಳನ್ನು ಬರೆಯಲು ಕೂತು, ತಮಗೆ ಎಲ್ಲಕ್ಕಿಂತ ಒಲ್ಲದವನ ಮಾತಿನಿಂದ ಶುರು ಮಾಡುತ್ತಾರೆ. ವ್ಯಾಪ್ತಿ ಏಕೆ ಸಿದ್ಧವಾಗದು, ಉಪಾಧಿ ಇಲ್ಲವೆಂದು ಏಕೆ ಖಾತ್ರಿಯಾಗಿ ಹೇಳಲಾಗದು ಎಂದು ಅವನ ವಾದವನ್ನು ಎಷ್ಟು ಚೊಕ್ಕವಾಗಿ ಕಟ್ಟಿಕೊಡುತ್ತಾರೆ. ಓದುವಾಗ ಬರೆದವರು ವೇದಾಂತಿ ಎಂಬುದೇ ಮರೆತುಹೋಗುತ್ತದೆ.

ಮೇಷ್ಟ್ರು: ಚಾರ್ವಾಕರದೇ ಪುಸ್ತಕ ಎಲ್ಲಿ? ಬೃಹಸ್ಪತಿಯದು ಎನ್ನುವ ಸೂತ್ರಗಳು ಚೂರುಚೂರಾಗಿ ಶತ್ರುಗಳ ಗ್ರಂಥಗಳಲ್ಲಿ ಉಳಿದಿವೆ. ಅವರ ಸಾಲಿಗೆ ಸೇರಿಸುವ ಜಯರಾಶಿಯ ‘ತತ್ತ್ವೋಪಪ್ಲವಸಿಂಹ’ದ ಹಸ್ತಪ್ರತಿ ಪಾಟಣದ ಭಂಡಾರದಲ್ಲಿ ಸಿಕ್ಕಿದ್ದು 1926ರಲ್ಲಿ, ಅಚ್ಚಾದದ್ದು 1940ರಲ್ಲಿ. ಅಲ್ಲಿವರೆಗೆ ನಾವು ಕೇಳಿದ್ದೆಲ್ಲ ಎದುರು ಪಕ್ಷದವರು ಬರೆದುಕೊಟ್ಟ ಚಾರ್ವಾಕ. ಅದೇ ಭಯ ನನಗೆ ನಿನ್ನ ಬಲ ಪುಟದ ಬಗ್ಗೆ.

ಅವಳು: ಆ ಹಸ್ತಪ್ರತಿಯನ್ನು ಶತಮಾನಗಟ್ಟಲೆ ಕಾಪಾಡಿದವರು ಜೈನರು. ಅವರಿಗೆ ಅದರ ಒಂದು ಮಾತೂ ಒಪ್ಪಿಗೆ ಇರಲಿಕ್ಕಿಲ್ಲ. ಆದರೂ ಇಟ್ಟರು. ವಾದ ಬೇರೆ, ಜಲ್ಪ ಬೇರೆ, ವಿತಂಡ ಬೇರೆ ಎಂದು ಗೌತಮ ವಿಂಗಡಿಸಿದ್ದು ಇದಕ್ಕೇ. ಗೆಲ್ಲಲಿಕ್ಕೆ ಆಡುವುದು ಜಲ್ಪ, ಎದುರಾಳಿಯನ್ನು ಕೆಡವಲಿಕ್ಕೆ ಮಾತ್ರ ಆಡುವುದು ವಿತಂಡ, ತಿಳಿಯಲಿಕ್ಕೆ ಆಡುವ ಮಾತು ವಾದ. ಅದನ್ನು ಶಿಷ್ಯ, ಗುರು, ಸಹಪಾಠಿಯಂಥವರ ಜತೆ ನಡೆಸಬೇಕು, ಅವರಿಗೆ ಅಸೂಯೆ ಇರಬಾರದು ಅನ್ನುತ್ತಾನೆ. ನಾವಿಬ್ಬರೂ ಈಗ ಮಾಡುತ್ತಿರುವುದು ಅದನ್ನೇ.

ಮೇಷ್ಟ್ರು: ಅದರ ಮುಂದಿನ ಮಾತನ್ನೂ ಹೇಳು. ಮೊಳಕೆಯನ್ನು ಕಾಪಾಡಲು ಮುಳ್ಳಿನ ಬೇಲಿ ಹಾಕುವ ಹಾಗೆ, ಕಂಡುಕೊಂಡ ತತ್ತ್ವವನ್ನು ಕಾಪಾಡಲು ಜಲ್ಪ ವಿತಂಡಗಳನ್ನೂ ಬಳಸಬಹುದು ಎನ್ನುತ್ತಾನೆ. ನಾನು ಕಂಡ ಹೆಚ್ಚಿನ ತಾರ್ಕಿಕರು ಬೇಲಿ ಹಾಕುವುದರಲ್ಲೇ ಮುದುಕರಾದರು. ತರ್ಕ ಕಲಿತವನ ನಂಬಿಕೆ ಕಲಿಯದವನ ನಂಬಿಕೆಗಿಂತ ಅಲುಗಾಡಿಸುವುದು ಕಷ್ಟ. ನೀನೂ ಜಾಣೆ, ಅದಕ್ಕೇ ಹೇಳುತ್ತಿದ್ದೇನೆ.

ಅವಳು: ಹಾಗಿದ್ದರೆ ಮಾಡುವುದೇನು? ಉಳಿದ ಅರ್ಜಿಗಳನ್ನೂ ಹೀಗೇ ನೋಡಿದೆ. ಒಂದೊಂದರ ಹಿಂದೆಯೂ ಒಂದೊಂದು ಉಪಾಧಿ. ಒಬ್ಬಳ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ. ಒಬ್ಬನ ಊರಿಗೆ ಮಳೆಗಾಲದಲ್ಲಿ ಬಸ್ಸೇ ಬರುವುದಿಲ್ಲ. ಹುಡುಕಿದಷ್ಟೂ ಸಿಗುತ್ತವೆ. ಚಾರ್ವಾಕ ಹೇಳಿದ ಹಾಗೆ, ಇನ್ನು ಇಲ್ಲ ಅಂತ ಹೇಳಲು ಆಗುವುದೇ ಇಲ್ಲ. ಆದರೆ ಹಣ ಇರುವುದು ಕೆಲವರಿಗೆ ಮಾತ್ರ. ಎಲ್ಲೋ ಒಂದು ಕಡೆ ಸಂಶಯ ನಿಲ್ಲಿಸಿ ಹೆಸರು ಬರೆಯಬೇಕು. ಉದಯನ ಒಂದು ಶ್ಲೋಕದಲ್ಲಿ ಅದಕ್ಕೊಂದು ಎಲ್ಲೆ ಹೇಳುತ್ತಾನೆ. ನಿನ್ನ ನಡತೆಯೇ ನಿನ್ನ ಸಂಶಯಕ್ಕೆ ವಿರುದ್ಧವಾದ ಜಾಗದಲ್ಲಿ ಸಂಶಯ ನಿಲ್ಲುತ್ತದೆ. ಅನ್ನ ಹಸಿವನ್ನು ನೀಗುತ್ತದೋ ಇಲ್ಲವೋ ಎಂದು ಶಂಕಿಸುವವನೂ ಹಸಿದಾಗ ಉಣ್ಣುತ್ತಾನಲ್ಲ.

ಮೇಷ್ಟ್ರು: ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಅದೇ ಶ್ಲೋಕವನ್ನು ಒಂದೆರಡು ಪದ ತಿರುಗಿಸಿ ಉದಯನನ ಮೇಲೇ ಎಸೆದ. ವಿರೋಧವಿದೆ ಎಂದು ತಿಳಿಯಬೇಕಾದರೂ ಮೊದಲು ಶಂಕೆ ಇರಬೇಕು, ಹಾಗಾಗಿ ಶಂಕೆ ನಿಲ್ಲುವುದೆಲ್ಲಿ ಎಂದ. ಗಂಗೇಶ ಅದಕ್ಕೆ ಮತ್ತೆ ಉತ್ತರ ಹುಡುಕಬೇಕಾಯಿತು. ನಿನ್ನ ಸಮಿತಿ ಅವರೆಲ್ಲರ ಜಗಳ ಮುಗಿಯುವವರೆಗೆ ಕಾಯುವುದಿಲ್ಲ. ಪಟ್ಟಿ ಯಾವಾಗ ಕೊಡಬೇಕು?

ಅವಳು: ಮುಂದಿನ ವಾರ.

ಮೇಷ್ಟ್ರು: ಅರ್ಜಿಯಲ್ಲಿ ಹುಡುಗನ ಫೋನ್ ನಂಬರ್ ಇರುತ್ತದಲ್ಲ. ಮೊದಲು ಫೋನ್ ಮಾಡು. ಪೂರ್ವಪಕ್ಷ ಆಮೇಲೆ ಬರೆಯುವೆಯಂತೆ.

ಅವಳು: ಇಲ್ಲ ಮೇಷ್ಟ್ರೇ, ಬರೆದೇ ಫೋನ್ ಮಾಡುತ್ತೇನೆ. ಬರೆಯದಿದ್ದರೆ ‘ಯಾಕಪ್ಪ ಕ್ಲಾಸಿಗೆ ಹೋಗಲಿಲ್ಲ’ ಅಂತ ಕೇಳಿಬಿಡುತ್ತೇನೆ, ಅವನು ಹೆದರಿ ‘ಹುಷಾರಿರಲಿಲ್ಲ ಮೇಡಂ’ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ಮೇಷ್ಟ್ರು: ಬರೆದುಕೊಂಡು ಹೋದರೆ ‘ಕೊಯ್ಲಿಗೆ ಹೋಗಿದ್ದೆಯಾ’ ಅಂತ ಕೇಳುತ್ತೀಯ. ಹಣ ಬೇಕಾದ ಹುಡುಗ ‘ಹೌದು ಮೇಡಂ’ ಅನ್ನುತ್ತಾನೆ. ಅದೂ ಅಲ್ಲಿಗೆ ಮುಗಿಯಿತು.

ಅವಳು: ಮತ್ತೆ ಹೇಗೆ ಕೇಳಲಿ?

ಮೇಷ್ಟ್ರು: ನಿನ್ನ ಅಮ್ಮನ ಕೈಲಿ ಫೋನ್ ಕೊಡು. ಕೊಯ್ಲಿನ ದಿನ ಹೇಗಿರುತ್ತದೆಂದು ಅವರಿಗೆ ಗೊತ್ತು, ಅವನಿಗೂ ಗೊತ್ತು. ಅವರಿಬ್ಬರೂ ಮಾತಾಡಲಿ, ನೀನು ಪಕ್ಕದಲ್ಲಿ ಕೂತಿರು.

ಅವಳು: ನೋಟ್‌ಬುಕ್ ಹಿಡಿದುಕೊಂಡೇ ಕೂರುತ್ತೇನೆ.